ಒಂದು ಗೇಣು ಜಾಗ

ಅಜ್ಮಾನಿನ ಜುರ್ಫ್‌ನಲ್ಲಿ, ಟಯರು ಅಂಗಡಿಗಳ ಸಾಲು ಮುಗಿದ ಮೇಲೆ,
ಖರ್ಜೂರದ ಪಾಕ ಕಾಯಿಸುವ ಕಾರ್ಖಾನೆ ನಮ್ಮದು.
ಗೋದಾಮಿನ ಲೆಕ್ಕ ಬರೆಯುವ ನನ್ನನ್ನು
ಆ ದಿನ ಮೇಲಿನ ಮಹಡಿಗೆ ಕರೆದರು.
ಬೆವರಿದ ಅಂಗಿ ಏಸಿಯಲ್ಲಿ ತಣ್ಣಗಾಗಿ
ತಗಡಿನ ಹಾಗೆ ಬೆನ್ನಿಗೆ ಹತ್ತಿತು.

ಗೋಡೆಯ ಮೇಲೆ ನನ್ನ ದೇಶ:
ಒಂದೇ ಕಿತ್ತಳೆ ಬಣ್ಣ, ಊರಿಲ್ಲ, ಹೊಳೆಯಿಲ್ಲ.
ಬೈರೂತಿನ ಸಲಹೆಗಾರ ಕೆಂಪು ಚುಕ್ಕೆ ಆಡಿಸುತ್ತಾ
"ನೂರನಲವತ್ತು ಕೋಟಿ ಬಾಯಿ" ಎಂದ.
"ನೂರಕ್ಕೊಂದು ಬಾಯಿ ತಿಂಗಳಿಗೊಂದು ಚಮಚ ತಿಂದರೂ
ಇನ್ನೆರಡು ಕಾರ್ಖಾನೆ ಬೇಕು."
ಎಲ್ಲರೂ ಗಾಳಿಯಲ್ಲಿದ್ದ ಆ ಚಮಚವನ್ನೇ ನೋಡಿದರು.
ಧಣಿ ಖಲ್ಫಾನ್ ನನ್ನತ್ತ ತಿರುಗಿದರು:
"ನೀನು ಹೇಳು ಹಮ್ಮಬ್ಬ, ನಿಮ್ಮವರಿಗೆ ಏನು ಇಷ್ಟ?"

ನಮ್ಮವರು!
ನನಗೆ ಉಪ್ಪಿನಂಗಡಿ ಗೊತ್ತು. ಪುತ್ತೂರು ಸ್ವಲ್ಪ ಗೊತ್ತು.
ಬಸ್ಸು ಕೆಟ್ಟು ಹಾಸನದಲ್ಲಿ ಒಂದು ರಾತ್ರಿ ಕಳೆದಿದ್ದೇನೆ.
ಕಾನ್ಪುರದ ನಾಲಗೆಗೆ ನಾನು ಹೇಗೆ ಜಾಮೀನು ನಿಲ್ಲಲಿ?

ಆದರೂ ಹೇಳಿದೆ.
ಗಾಜಿನ ಬಾಟಲಿ ಶಿರಾಡಿಯ ತಿರುವು ತಾಳದು ಎಂದೆ.
ಸಿಹಿಯ ಮಣೆಯ ಮೇಲೆ ಬೆಲ್ಲ ಆಗಲೇ ಕೂತಿದೆ,
ಎಬ್ಬಿಸಲಾಗದು, ತುಸು ಸರಿ ಎಂದು ಕೇಳಬಹುದು ಎಂದೆ.
ಖರ್ಜೂರ ನಮ್ಮಲ್ಲಿ ಬಾಣಂತಿಗೆ, ಉಪವಾಸ ಬಿಡುವವರಿಗೆ;
ಬುಧವಾರದ ದೋಸೆಗೆ ಅದರ ಪರಿಚಯ ಇನ್ನೂ ಆಗಿಲ್ಲ.
ಐದು ರೂಪಾಯಿಯ ಸಣ್ಣ ಪೊಟ್ಟಣ ಮಾಡಿ ಎಂದೆ.
ಖಲ್ಫಾನರ ಹುಬ್ಬು ಏರಿತು:
"ನನ್ನಜ್ಜ ನೆಟ್ಟ ಮರದ ಹಣ್ಣನ್ನು
ಶಾಂಪೂವಿನ ಹಾಗೆ ಹಲ್ಲಿನಲ್ಲಿ ಹರಿಯುವುದೇ?"
"ಪ್ರೀಮಿಯಂ," ಎಂದ ಸಲಹೆಗಾರ. ಮತ್ತೊಮ್ಮೆ, "ಪ್ರೀಮಿಯಂ."

ರಾತ್ರಿ ಊರಿಗೆ ಫೋನು ಹಚ್ಚಿದೆ, ಲೀಲಾಬಾಯಿ ಪ್ರಭುಗಳ ಅಂಗಡಿಗೆ.
"ಇಡುವ ಮಾರಾಯ, ಸಾಬೂನಿನ ಪಕ್ಕ ಒಂದು ಗೇಣು ಜಾಗ ಉಂಟು.
ಹೋಗದಿದ್ದರೆ ವಾಪಸ್ ತೆಗೆದುಕೊಳ್ಳುವುದು ಯಾರು?
ಇರುವೆ ಬಂದರೆ ಯಾರಿಗೆ ಫೋನ್ ಮಾಡಲಿ?"

ಅರವತ್ತೆರಡು ಸ್ಲೈಡಿನಲ್ಲಿ ಆ ಇರುವೆ ಇರಲಿಲ್ಲ.
ಡಿಸ್ಟ್ರಿಬ್ಯೂಟರ್ ನೋಡಿಕೊಳ್ಳುತ್ತಾನೆ, ಎಂದರು.

ಮೊದಲ ಕಂಟೇನರು ಮೇ ತಿಂಗಳಲ್ಲಿ ಹೋಯಿತು.
ಲೇಬಲ್ಲಿನಲ್ಲಿ ಒಂದು ಹಸಿರು ಚುಕ್ಕೆ ಇಲ್ಲವೆಂದು
ಬಂದರಿನ ಬಿಸಿಲಲ್ಲಿ ನಲವತ್ತೊಂದು ದಿನ ನಿಂತಿತು.
ದಿನದಿನದ ದಂಡ ನನ್ನ ಪುಸ್ತಕದಲ್ಲಿ ಬೆಳೆಯಿತು,
ಬಾಟಲಿಯೊಳಗೆ ಪಾಕ ಕಪ್ಪಾಯಿತು.
ಡಿಸ್ಟ್ರಿಬ್ಯೂಟರ್ ಫೋನ್ ಎತ್ತುತ್ತಿದ್ದ, ಮೊದಮೊದಲು.
ಸಲಹೆಗಾರ ಈಗ ಇಂಡೋನೇಷ್ಯಾದ ನಕ್ಷೆ ತೋರಿಸುತ್ತಿದ್ದಾನಂತೆ.

ಗುರುವಾರ ಗುರುವಾರ ಗೋದಾಮಿಗೆ ಬರುತ್ತಾರೆ
ಖಲ್ಫಾನರ ತಂದೆ, ಕಣ್ಣು ಮಂಜಾದ ಮುದುಕ.
ಪೆಟ್ಟಿಗೆಯ ಮೇಲೆ ಕೂತು ಗಾವಾ ಕುಡಿಯುತ್ತಾ ಕೇಳಿದರು,
"ನಿನ್ನ ಊರು?"
"ಮಂಗಳೂರ ಕಡೆ."
"ಮಂಜಲೂರ್!" ಎಂದು ಲೋಟ ಕೆಳಗಿಟ್ಟರು.
ಹತ್ತರ ಹುಡುಗ, ಅಪ್ಪನ ಹಾಯಿಹಡಗು,
ಹೋಗುವಾಗ ಖರ್ಜೂರದ ಬುಟ್ಟಿ, ಬರುವಾಗ ಕೆಂಪು ಹಂಚು.
ಒಂದು ವರ್ಷ ಬಂದರಿನ ವ್ಯಾಪಾರಿಯ ಬಳಿ ದುಡ್ಡಿರಲಿಲ್ಲ.
ಇಟ್ಟು ಹೋಗಿ ಎಂದನಂತೆ. ಇಟ್ಟು ಬಂದರು.
ಮುಂದಿನ ಗಾಳಿಗೆ ಹೋದಾಗ ಹಣ ಎಣಿಸಿಟ್ಟಿದ್ದ,
ಹುಳ ಹಿಡಿದ ನಾಲ್ಕು ಬುಟ್ಟಿಗಳನ್ನೂ
ತೊಳೆದು, ಒಣಗಿಸಿ, ಮಡಚಿ, ಹಾಗೆಯೇ.
"ಅವನ ಹೆಸರು ಮರೆತೆ," ಎಂದರು ಮುದುಕರು,
"ಆ ಮಡಿಕೆ ಮರೆತಿಲ್ಲ."

ಬಾಗಿಲಲ್ಲಿ ಖಲ್ಫಾನ್ ಯಾವಾಗ ಬಂದು ನಿಂತರೋ.
ಮರುದಿನ ರಜೆ. ಶನಿವಾರ ನನ್ನ ಮೇಜಿನ ಬಳಿ ಬಂದು,
"ಆ ಅಂಗಡಿಯ ಹೆಂಗಸು... ಗೇಣು ಎಂದರೆ ಎಷ್ಟು?"
ರಟ್ಟಿನ ಪೆಟ್ಟಿಗೆಯ ಮೇಲೆ ಹೆಬ್ಬೆರಳಿಂದ ಕಿರುಬೆರಳಿಗೆ
ಕೈ ಚಾಚಿ ತೋರಿಸಿದೆ.
ಪಕ್ಕದಲ್ಲಿ ಅವರೂ ಕೈ ಊರಿದರು.
ನನ್ನದಕ್ಕಿಂತ ಅರ್ಧ ಇಂಚು ಹೆಚ್ಚು.
"ಆಕೆಯ ಕೈ?"

ಚಿಕ್ಕದು, ಎಂದೆ.