ಅಡುಗೆಮನೆಗೆ ಹನ್ನೆರಡು ಮಣ

ಹನ್ನೊಂದೂವರೆ ಹಳ್ಳಿಯ ಠಿಕಾಣೆ, ಖಾರಡಿ.
ಆ ಅರ್ಧದ ಮೇಲೆ ಪಕ್ಕದವರ ವ್ಯಾಜ್ಯ, ಮೂರು ತಲೆಮಾರು.
ತೋಪಿನ ಸಲಾಮಿ ಇಲ್ಲ. ಏಜೆಂಟ್ ಸಾಹೇಬ
ನಕಾಶೆಯ ಮೇಲೆ ಹೆಬ್ಬೆರಳಿಟ್ಟರೆ
ಕಾಣದೆ ಹೋಗುವಷ್ಟು ನೆಲ.

ಇದ್ದದ್ದೊಂದು ಕೆರೆ. ಬೇಸಗೆಗೆ ಬತ್ತಿ ಬೆಳ್ಳಗಾಗುವುದು.
ದಂಡೆಯಲ್ಲಿ ಖಾರ್ವಾಲರ ನಲವತ್ತು ಮನೆ;
ಆ ಬಿಳುಪು ನೋಡಿ ನೋಡಿ ಅವರ ಹೆಂಗಸರು
ನೆರಳಲ್ಲೂ ಕಣ್ಣು ಕಿರಿದು ಮಾಡಿಯೇ ನಗುತ್ತಿದ್ದರಂತೆ.

ಸಂವತ್ತು ೧೯೩೬ರ ಚಳಿಯಲ್ಲಿ ಕಾಗದ ಬಂತು.
ಓದಿದವನು ನನ್ನ ಮುತ್ತಜ್ಜ, ಕಾಮದಾರ ಖೇಮರಾಜ ಪಂಚೋಲಿ.
ಮೊದಲ ಸಲ ತನಗೆ. ಎರಡನೆಯ ಸಲ ಗಟ್ಟಿಯಾಗಿ,
ಠಾಕೂರ್ ಗುಮಾನ ಸಿಂಹರ ಗಂಟಲಲ್ಲಿ
ಅಫೀಮಿನ ನೀರು ಇಳಿದ ಮೇಲೆ:

ಇನ್ನು ಉಪ್ಪು ತೆಗೆಯುವಂತಿಲ್ಲ.
ಬದಲಿಗೆ ವರ್ಷಕ್ಕೆ ನಾನೂರ ಹತ್ತು ರೂಪಾಯಿ,
ಮತ್ತು ಠಾಕೂರರ ಅಡುಗೆಮನೆಗೆ, ಸುಂಕವಿಲ್ಲದೆ,
ಸಾಂಭರದಿಂದ ಹನ್ನೆರಡು ಮಣ.

ಠಾಕೂರರು ಅಂದದ್ದು ಇಷ್ಟೇ: "ಹದಿನೈದು ಮಾಡಲಿ ಅಂತ ಬರಿ."
ಬರೆದ. ಒಂಬತ್ತು ತಿಂಗಳಿಗೆ ಉತ್ತರ ಬಂತು:
ಹನ್ನೆರಡು.

ದಂಡೆಗೆ ಚೌಕಿ ಬಂತು. ಬಿಸಿಲು ತಾನಾಗಿ ಉಪ್ಪು ಕಟ್ಟಿದರೆ
ಜಮಾದಾರ ಬೂಟುಗಾಲಲ್ಲಿ ಕೆಸರಿಗೆ ತುಳಿಯುವನು.
ಧಾಪು ಎಂಬ ಮುದುಕಿ ಹಿಡಿಯಷ್ಟು ಸೆರಗಿಗೆ ಕಟ್ಟಿಕೊಂಡಳು.
ಗಢಿಯ ಮುಂದೆ ತಂದು ನಿಲ್ಲಿಸಿದರು.
ದಂಡ ಹಾಕಬೇಕಾದವರು ಠಾಕೂರರೇ, ಕರಾರಿನ ಐದನೇ ಕಲಮು.

"ಅನ್ನದಾತಾ," ಅಂದಳು,
"ನಿಮ್ಮ ಉಪ್ಪಿನ ಋಣ ಅಂತ ಹೇಳಿಕೊಂಡೇ ಮುದುಕಿಯಾದೆ.
ಈಗ ನಾನು ತಿನ್ನುತ್ತಿರುವುದು ಯಾರದ್ದು?"
ಸ್ವಲ್ಪ ತಡೆದು,
"ನೀವು ತಿನ್ನುತ್ತಿರುವುದು?"

ಕೆಂಪು ಬಟ್ಟೆಯ ವಹಿ ಈಗ ನನ್ನ ಮಡಿಲಲ್ಲಿದೆ.
ಆ ದಿನದ ಸಾಲು: ದಂಡ, ಎಂಟಾಣೆ. ಜಮಾ.
ಕಟ್ಟಿದವರು ಯಾರೆಂದಿಲ್ಲ.
ಎರಡು ಹಾಳೆ ಆಚೆ, ಜನಾನಾದ ಲೆಕ್ಕದಲ್ಲಿ
ಚೂಂಡಾವತ್ ಠಕುರಾಣಿಯ ಕೈಖರ್ಚು, ಅದೇ ತಿಥಿ:
ಎಂಟಾಣೆ. ಏತಕ್ಕೆ ಎಂಬ ಜಾಗ ಖಾಲಿ.

ಮರುವರ್ಷದಿಂದ, ಮುತ್ತಜ್ಜನ ದುಂಡು ಅಕ್ಷರದಲ್ಲಿ,
ಅಡುಗೆಮನೆಯ ಉಪ್ಪು: ಬಂದದ್ದು ಹನ್ನೆರಡು ಮಣ,
ಇಲಿ ತಿಂದದ್ದು ಐದು.
ಅದರ ಮರುವರ್ಷ ಇಲಿ ತಿಂದದ್ದು ಏಳು.
ಸಪ್ಪೆ ಬೇಳೆಯನ್ನು ಠಾಕೂರರು
ತುಟಿ ಪಿಟ್ಟೆನ್ನದೆ ಉಂಡಿರಬೇಕು.

ಅಂಚಿನಲ್ಲಿ ಏಜೆನ್ಸಿಯ ಕೆಂಪು ಶಾಯಿ: ಇಲಿ?

ಅದಕ್ಕೆ ಉತ್ತರ ಬರೆಯಲು ಖಾರಡಿ ಸಂಸ್ಥಾನ
ತೆಗೆದುಕೊಂಡದ್ದು ಹನ್ನೊಂದು ತಿಂಗಳು.