ಅರ್ಧ ಬೆರಳು

ಭಾನುವಾರ. ಸೆರ್ರೊ ಗುಡ್ಡದ ಮೇಲೆ ಅಮ್ಮನ ಮನೆ.
ಕೆಳಗೆ ಮೊಂತೆವಿದೆಯೊ ಬಂದರು. ದನದ ಮಾಂಸ ಕಾಯುತ್ತ
ಹಡಗುಗಳು ಖಾಲಿ ನಿಂತಿವೆ, ಹತ್ತೊಂಬತ್ತು ದಿನದಿಂದ.
ಅಷ್ಟರಮಟ್ಟಿಗೆ ನಾವು ಗೆದ್ದಿದ್ದೇವೆ.
ಉಳಿದದ್ದು ಹೇಳುವುದಾದರೆ, ಗ್ಯಾಸ್ ಮುಗಿದಿದೆ.

ಪಕ್ಕದ ಮನೆಯ ಸುಲ್ಮಾಳ ಒಲೆಯಲ್ಲಿ ನೀರು ಕಾಯಿಸಿ
ಅಮ್ಮ ಥರ್ಮಾಸಿಗೆ ತುಂಬಿಕೊಂಡು ಬಂದಿದ್ದಾಳೆ.
ಮಾಟೆ ಎಲೆಗೆ ನೀರು ಸುರಿಯುವ ಕೆಲಸ ನನ್ನದು.
ಒಂದೇ ಸೋರೆಬುರುಡೆ, ಒಂದೇ ಕೊಳವೆ, ಎಲ್ಲರ ಬಾಯಿಗೂ ಅದೇ.
ಸುತ್ತು ತಪ್ಪಬಾರದು. ಸಾಕೆನಿಸಿದವರು ಬುರುಡೆ ಹಿಂದಕ್ಕೆ ಕೊಡುವಾಗ
"ಗ್ರಾಸಿಯಾಸ್" ಅನ್ನಬೇಕು; ಉಪಕಾರವಾಯಿತು ಅಂತ.
ಅಲ್ಲಿಯವರೆಗೆ ಸುರಿಯುತ್ತಲೇ ಇರಬೇಕು. ಇದು ನಮ್ಮ ಕಾನೂನು,
ಯಾವ ಸಂಸತ್ತೂ ಪಾಸು ಮಾಡದ್ದು, ಯಾವ ಮಾಲೀಕನೂ ತಿದ್ದದ್ದು.

ಮೊದಲು ಅಮ್ಮ. ಆಮೇಲೆ ಮಿಲ್ಕಾ ಚಿಕ್ಕಮ್ಮ.
ಮೂರನೆಯ ಕುರ್ಚಿಯಲ್ಲಿ ಎಬೆರ್, ನನ್ನ ತಮ್ಮ.

ಹನ್ನೆರಡನೆಯ ದಿನ, ಬೆಳಗಿನ ಐದಕ್ಕೆ,
ಕಸಾಯಿಖಾನೆಯ ಗೇಟಿನೊಳಗೆ ಪರದೆ ಎಳೆದ ವ್ಯಾನೊಂದು ನುಗ್ಗಿತು.
ಬೆಂಕಿ ಕಾಯಿಸುತ್ತಿದ್ದವರೆಲ್ಲ ಎದ್ದು "ಟಗರು! ಟಗರು!" ಎಂದು ಕೂಗಿದೆವು.
ಮುಷ್ಕರ ಮುರಿಯುವವನಿಗೆ ಇಲ್ಲಿ ಅದೇ ಹೆಸರು,
ಪಾಪ, ಟಗರನ್ನು ಯಾರೂ ಕೇಳಿದ್ದಿಲ್ಲ.
ಪರದೆ ಒಂದಿಷ್ಟು ಸರಿದ ಕಡೆ ಒಬ್ಬ ಕೈಯಿಂದ ಮುಖ ಮುಚ್ಚಿಕೊಂಡ.
ಮುಖ ಕಾಣಲಿಲ್ಲ. ಕೈ ಕಂಡಿತು.
ಉಂಗುರದ ಬೆರಳು ಅರ್ಧ.

ಆ ಇನ್ನರ್ಧ ನನಗೆ ಗೊತ್ತು.
ಎಲುಬು ಕೊಯ್ಯುವ ಗರಗಸ ಅದನ್ನು ತೆಗೆದುಕೊಂಡ ವರ್ಷ
"ಕಾರ್ಮಿಕನ ಅಜಾಗರೂಕತೆ" ಎಂದು ಕಂಪನಿ ಬರೆದ ಕಾಗದ ಹಿಡಿದು
ಮನೆಮನೆ ತಿರುಗಿದವಳು ನಾನು. ಮೂರು ದಿನ ಮಷೀನು ನಿಲ್ಲಿಸಿದೆವು
ಒಂದು ಬೆರಳಿನ ಅರ್ಧಕ್ಕೆ, ನಾನೂರು ಜನ.

ಈಗಲಾದರೂ ಕೇಳಿದ್ದೇನು ಮಹಾ?
ಗಂಟೆಗೆ ಅರವತ್ತು ದನ ಇದ್ದದ್ದನ್ನು ಎಂಬತ್ತು ಮಾಡಬೇಡಿ ಅಂದೆವು.
ನನ್ನ ಮಣಿಕಟ್ಟು ರಾತ್ರಿ ಮರದ ತುಂಡಾಗುತ್ತದೆ.
ಮಗನ ಬಿಳಿ ಶಾಲಾ ಅಂಗಿಯ ಕತ್ತಿಗೆ ನೀಲಿ ರಿಬ್ಬನ್ ಕಟ್ಟಲು
ಬೆರಳು ಬಾಗುವುದಿಲ್ಲ; ಅವನೇ ಸೊಟ್ಟಗೆ ಕಟ್ಟಿಕೊಂಡು ಹೋಗುತ್ತಾನೆ.
ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ, ನಾನೇ ಬಿಚ್ಚಿ ನೋಡಿದ್ದೇನೆ.
ಷೇರುದಾರನದ್ದು ಇನ್ನೂ ಯಾರೂ ಎಣಿಸಿಲ್ಲ.

ಇದನ್ನೆಲ್ಲ ಎಬೆರ್‌ಗೆ ಹೇಳಬೇಕೆಂದು ಗುಡ್ಡ ಹತ್ತುತ್ತ ಜೋಡಿಸಿಕೊಂಡಿದ್ದೆ.
ಅವನು ಕಿಟಕಿ ಕಡೆ ನೋಡುತ್ತ
"ಫ್ರಿಜ್ಜಿನ ಕಂತು ಮೂರು ಬಾಕಿ ಇತ್ತು" ಅಂದ.
ಯಾರೂ ಕೇಳಿರಲಿಲ್ಲ.
"ನನ್ನದು ಐದು" ಅಂದೆ.
ಅಮ್ಮ ಎದ್ದು, ಇಲ್ಲದ ಕೆಲಸ ಹುಡುಕಿಕೊಂಡು ಹಿತ್ತಲಿಗೆ ಹೋದಳು.

ಸುತ್ತು ಅವನಲ್ಲಿಗೆ ಬಂತು.
ದಾಟಿಸಿಬಿಡಬಹುದಿತ್ತು.
ತುಂಬಿದೆ, ಅಂಚಿನವರೆಗೆ.
ಅವನು ಕೈ ಚಾಚಿದ. ಅದೇ ಕೈ.
ತಳ ಗೊರಗುಟ್ಟುವವರೆಗೂ ಹೀರಿ ಹಿಂದಕ್ಕೆ ಕೊಟ್ಟು
"ಗ್ರಾಸಿಯಾಸ್" ಅಂದ.

ಮೊದಲನೆಯ ಸುತ್ತಿಗೇ ಯಾರು ಸಾಕೆನ್ನುತ್ತಾರೆ?
ಸಾಕು ಅಂದನೋ, ಆ ಮಾತನ್ನೇ ಅಂದನೋ
ಎಂಬತ್ತು ವರ್ಷದಿಂದ ಮಾಟೆ ಕುಡಿದ ಮಿಲ್ಕಾ ಚಿಕ್ಕಮ್ಮನಿಗೂ ತಿಳಿಯಲಿಲ್ಲ.
ಬುರುಡೆ ಕೈಯಲ್ಲೇ ಹಿಡಿದು ಕೂತೆ. ಅವನು ಜಾಕೆಟ್ ಹಾಕಿಕೊಂಡು ಹೋದ.

ನಾನು ಹೊರಡುವಾಗ ಬಾಗಿಲ ಬಳಿ ಒಂದು ಚೀಲ ಆಲೂಗಡ್ಡೆ.
"ಎಬೆರ್ ಇಟ್ಟುಹೋದ. ನಿಮ್ಮ ಗೇಟಿನ ಸಾರಿನ ಪಾತ್ರೆಗಂತೆ."
ನಾನು ಸುಮ್ಮನೆ ನಿಂತದ್ದು ನೋಡಿ ಅಮ್ಮನಿಗೆ ರೇಗಿತು:
"ಆಲೂಗಡ್ಡೆಯೇನು ವ್ಯಾನು ಹತ್ತಿತ್ತೇನೇ?"

ಸೋಮವಾರ. ಇಪ್ಪತ್ತನೆಯ ದಿನ. ಗೇಟಿನ ಎದುರು ಕೂತು ಸಿಪ್ಪೆ ತೆಗೆಯುತ್ತಿದ್ದೇನೆ.
ವಿಲ್ಮಾರ್ ಬಂದ, ಸಮಿತಿಯ ಲೆಕ್ಕ ಬರೆಯುವವನು,
ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಎಲ್ಲಿಂದ ಬಂತೆಂದು ಕೇಳಿದ.
"ಮನೆಯಿಂದ" ಅಂದೆ.
ಅವನು ಹಾಗೇ ಬರೆದುಕೊಂಡ.
ಬೆರಳು ಜೋಮು ಹಿಡಿದಿವೆ. ಸಿಪ್ಪೆ ದಪ್ಪ ದಪ್ಪ ಹೋಗುತ್ತಿದೆ,
ಅರ್ಧ ಆಲೂಗಡ್ಡೆ ಅದರಲ್ಲೇ.