ತಾಯಚ್ಚು

ಸ್ಟೋಕಿನ ಪಿಂಗಾಣಿ ಕಾರ್ಖಾನೆಯಲ್ಲಿ
ನಲವತ್ತೊಂದು ವರ್ಷ ಅಚ್ಚು ತೆಗೆದವನು ನಾನು.
ಮೂಗಿನ ವಿಚಾರ ನನಗೆ ಹೇಳಬೇಡಿ.

ಅಚ್ಚಿನಿಂದ ಬೊಂಬೆ, ಬೊಂಬೆಯಿಂದ ಮತ್ತೆ ಅಚ್ಚು,
ಹೀಗೇ ಎರಕ ಹೊಯ್ಯುತ್ತ ಹೋದರೆ
ಮೊದಲು ಸವೆಯುವುದು ಮೂಗು.
ಕುರಿ ಕಾಯುವ ಹುಡುಗಿಯೋ, ಹಡಗಿನ ಕಪ್ತಾನನೋ,
ಮುಂದೆ ಚಾಚಿದ್ದು ಯಾವುದೋ ಅದೇ
ಮೊದಲು ಹಿಂದೆ ಸರಿಯುತ್ತದೆ.
ಆಗ ಕಪಾಟಿನ ಬೀಗ ತೆಗೆದು
ತಾಯಚ್ಚನ್ನು ಹೊರಗಿಡುತ್ತಿದ್ದೆವು.

ನನ್ನ ಹೆಂಡತಿ ಗ್ಲೆನಿಸ್ ಸಾಕಿದ್ದು ಪಗ್ ನಾಯಿಗಳನ್ನು.
ಒಂದೇ ಸಲ ಸುಟ್ಟು, ಮೆರುಗು ಹಚ್ಚದ ಮಣ್ಣಿಗೆ
ನಮ್ಮ ಕಸುಬಿನಲ್ಲಿ ಬಿಸ್ಕತ್ತು ಅನ್ನುತ್ತೇವೆ.
ಅದೇ ಬಣ್ಣದ ಮರಿಗೆ ಅದೇ ಹೆಸರಿಟ್ಟೆ.
ತೀರ್ಪುಗಾರನೊಬ್ಬ ಅದರ ಮುಖ ಅಂಗೈಯಲ್ಲಿ ಹಿಡಿದು
"ತಟ್ಟೆಯ ಹಾಗಿದೆ" ಅಂದ.
ಹೊಗಳಿಕೆ ಅದು. ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು
ದಾರಿಯಲ್ಲಿ ಕಾರು ನಿಲ್ಲಿಸಿ ಮೀನು ತಿಂದೆವು.

ಬಿಸ್ಕತ್ತು ಮೂರು ಸಲ ಹೆತ್ತಿತು,
ಮೂರು ಸಲವೂ ಹೊಟ್ಟೆ ಕೊಯ್ದು.
ರಾತ್ರಿ ರಬ್ಬರ್ ಚೆಂಡು ಕಚ್ಚಿಕೊಂಡೇ ಮಲಗುತ್ತಿತ್ತು.
ಎಷ್ಟು ಮುದ್ದು ಅಂತ ನೆಂಟರು ಫೋಟೋ ತೆಗೆದರು.
ಬಾಯಿ ಮುಚ್ಚಿದರೆ ಉಸಿರಿಲ್ಲವೆಂದು
ಮನೆಯಲ್ಲಿ ಗೊತ್ತಿದ್ದದ್ದು ಅದಕ್ಕೊಂದಕ್ಕೇ.
ಮೂಗು ಹಿಡಿದರೆ ಬಾಯಿ ತೆರೆಯುತ್ತದೆ, ನಿಜ.
ಹುಟ್ಟುವ ಮೊದಲೇ ಹಿಡಿದ ಕೈ ಯಾರದು?

ಡಾಕ್ಟರ್ ಒಯೆಲರನ್, ಚಿಕ್ಕ ಹುಡುಗಿ,
ಅಂಗಳದಲ್ಲಿ ಮೂರು ನಿಮಿಷ ಅದನ್ನು ಓಡಿಸಿ
ಗಂಟಲಿಗೆ ಸ್ಟೆತಾಸ್ಕೋಪು ಒತ್ತಿದಳು.
ಆಮೇಲೆ ಅದರ ನಳಿಗೆಗಳನ್ನು ನನ್ನ ಕಿವಿಗೆ ಸಿಕ್ಕಿಸಿದಳು.
ಲೋಟದ ತಳದ ಕೊನೆಯ ಹನಿಗೆ
ಸ್ಟ್ರಾ ಹಾಕಿ ಹೀರುವ ಮಗುವಿನ ಸದ್ದು.
ಮುಗಿಯಲೇ ಇಲ್ಲ.
"ಸೊನ್ನೆಯಿಂದ ಮೂರರವರೆಗೆ ಅಂಕ. ಇದಕ್ಕೆ ಮೂರು."
"ಮೂರು ಅಂದರೆ ಒಳ್ಳೆಯದಲ್ಲವೇ?" ಅಂದಳು ಗ್ಲೆನಿಸ್.
ಡಾಕ್ಟರ್ ಕಾಗದದಿಂದ ತಲೆ ಎತ್ತಲಿಲ್ಲ.

ಅಂಗುಳ ಕತ್ತರಿಸಿದರು, ಹೊಳ್ಳೆ ಅಗಲಿಸಿದರು.
ಗ್ಲೆನಿಸ್ ಅಡುಗೆಮನೆಯ ಮೇಜಿಗೆ ಕೂತು
ಮರಿಗಾಗಿ ಮುಂಗಡ ಕೊಟ್ಟ ಹನ್ನೊಂದು ಮನೆಗೆ ಫೋನು ಮಾಡಿದಳು.
ಕ್ರೂ ಊರಿನವನೊಬ್ಬ ಬೈದ.
ಒಬ್ಬಳು ಅತ್ತಳು, ಮಗಳಿಗೆ ಮಾತು ಕೊಟ್ಟಿದ್ದಳಂತೆ.
ಪಟ್ಟಿ ಮುಗಿದ ಮೇಲೆ, ನನ್ನತ್ತ ನೋಡದೆ:
"ನಾಯಿಗೆ ತಾಯಚ್ಚು ಎಲ್ಲಿಟ್ಟಿದ್ದಾರೆ?"

ಅಜ್ಜಿಯ ಕಾಲದ ಪಿಂಗಾಣಿ ಪಗ್ ಒಂದಿತ್ತು,
ಧೂಳು ಒರೆಸಿ ಅವಳ ಮುಂದಿಟ್ಟೆ.
ಮೂಗಿನ ಮೇಲೆ ಬೆರಳಿಟ್ಟಳು.
ಒಂದು ಗೆಣ್ಣು ಪೂರ್ತಿ ಹಿಡಿಯಿತು.

ಬಿಸ್ಕತ್ತಿನ ಮಗಳು ಪ್ಲಮ್‌ಗೆ ಅಂಕ ಒಂದು.
ಅಂಚೆಯ ಒಸ್ವಿನ್ ಸಾಕಿದ ಟೆರಿಯರ್ ನಾಯಿಗೆ
ಅಜ್ಜ ಯಾರು, ಮುತ್ತಜ್ಜ ಯಾರು, ಯಾರಿಗೂ ಗೊತ್ತಿಲ್ಲ.
ಕೂಡಿಸಿದೆವು.
ಕ್ಲಬ್ಬಿನವರು ಮೂಗು ಮುರಿದರು.
ಅವರಿಗಾದರೂ ಮುರಿಯಲು ಮೂಗಿತ್ತು.

ನಾಲ್ಕು ಮರಿ, ತಾನಾಗಿಯೇ ಹೆತ್ತಿತು.
ಒಂದಕ್ಕೆ ಕಾಲು ಸೊಟ್ಟ, ಇನ್ನೊಂದರ ಕಿವಿ
ಎತ್ತ ನಿಲ್ಲಬೇಕೆಂದು ಇನ್ನೂ ಯೋಚಿಸುತ್ತಿದೆ.
ಇದು ಪಗ್ಗೇ? ಅನ್ನುತ್ತಾರೆ ಬಂದವರು.
ನನಗೇನು ಗೊತ್ತು.
ಬಿಸ್ಕತ್ತು ಈಗಲೂ ಚೆಂಡು ಬಿಟ್ಟಿಲ್ಲ,
ರೂಢಿಯೋ, ಭಯವೋ.

ನಿನ್ನೆ ನಡುರಾತ್ರಿ ಇಬ್ಬರಿಗೂ ಎಚ್ಚರವಾಯಿತು.
ಸೊಟ್ಟಗಾಲಿನ ಮರಿ ಮಲಗಿದ ಬುಟ್ಟಿಯಿಂದ
ಸದ್ದೇ ಇಲ್ಲ.
ಮೂವತ್ತು ವರ್ಷ ಗೊರಕೆಯಲ್ಲಿ ಮಲಗಿದವರು ನಾವು,
ಎದೆ ಧಸಕ್ಕೆಂದಿತು.
ಗ್ಲೆನಿಸ್ ಬರಿಗಾಲಲ್ಲಿ ಓಡಿ, ಮಂಡಿಯೂರಿ,
ತನ್ನ ಕನ್ನಡಕವನ್ನು ಅದರ ಪುಟ್ಟ ಮೂಗಿನೆದುರು ಹಿಡಿದಳು.
ನಾನು ಟಾರ್ಚ್ ಬಿಟ್ಟೆ.

ಗಾಜು ಮಂಜಾಯಿತು.
ತಿಳಿಯಾಯಿತು.
ಮತ್ತೆ ಮಂಜಾಯಿತು.